ಏಳನೇ ಸುತ್ತಿನ ಎಮಿಲ್

ಎಮಿಲ್ ಹುಡಾಕ್‌ಗೆ ಜನರ ಮುಖ ನೆನಪಿರುತ್ತಿರಲಿಲ್ಲ, ಮಂಡಿ ನೆನಪಿರುತ್ತಿತ್ತು. ನಮ್ಮ ಬ್ರಾನಕ್ ಊರಿನ ದಿನಸಿ ಅಂಗಡಿಯಲ್ಲಿ ಮಾಂಸ ಕೊಯ್ಯುವ ಕೆಲಸ ಅವನದು. ಯಾರಾದರೂ ಬೆಳೆದ ಮಗನನ್ನು ಕರೆದುಕೊಂಡು ಬಂದರೆ ಸಾಕು, ಕತ್ತಿ ಕೆಳಗಿಟ್ಟು ಹುಡುಗನ ಕಾಲು, ತೋಳು, ಕತ್ತು ಅಳೆದು ನೋಡಿ, ತೀರ್ಪು ಕೊಟ್ಟು, ಆಮೇಲೆ ಹಂದಿಮಾಂಸ ತೂಗುತ್ತಿದ್ದ. ನನ್ನ ತಮ್ಮನ ಮಗುವಿನ ದೀಕ್ಷಾಸ್ನಾನಕ್ಕೆ ಬಂದವನು ಶಾಲು ಸರಿಸಿ, "ಹಿಮ್ಮಡಿ ಸಣ್ಣದಾಯ್ತು" ಅಂದ. ಆ ಮಗುವಿನ ತಾಯಿ ಇವತ್ತಿಗೂ ಅವನ ಕೈಯಿಂದ ಮಾಂಸ ಕೊಳ್ಳುವುದಿಲ್ಲ.

ನಮ್ಮಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ತೊಟ್ಟು ಒಬ್ಬರ ಮೇಲೊಬ್ಬರು ಬೀಳುವ ಆಟ. ಪ್ರತಿ ಏಪ್ರಿಲ್‌ನಲ್ಲಿ ದೇಶದ ತಂಡಗಳೆಲ್ಲ ಸರದಿಯ ಮೇಲೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ, ಏಳು ಸುತ್ತು. ಮೊದಲ ಸುತ್ತಿನವರು ರಾಜಕುಮಾರರು. ಕೊನೆಯ ಸುತ್ತುಗಳಿಗೆ ಉಳಿಯುವವರು ಗಿಡ್ಡ ತೋಳಿನವರು, ಮಂಡಿ ಹೊಲಿಸಿಕೊಂಡವರು, ಹೆಸರಿಲ್ಲದ ಕಾಲೇಜಿನವರು. ಅವರಲ್ಲಿ ಯಾರಿಗೆ ಒಂದು ಸರದಿ ಖರ್ಚು ಮಾಡಬಹುದು, ಯಾರಿಗೆ ಮಾಡಿದರೆ ದಂಡ ಎಂದು ನನ್ನ ಬಾರಿನಲ್ಲಿ ಚಳಿಗಾಲವಿಡೀ ಕಚ್ಚಾಡುತ್ತಾರೆ. ತಮ್ಮ ಹೊಟ್ಟೆ ಮೇಜಿಗೆ ತಾಗುವ ಗಂಡಸರು ಇನ್ನೊಬ್ಬರ ಮಕ್ಕಳ ಸೊಂಟ ದಪ್ಪ ಎಂದು ಗೊಣಗುವುದನ್ನು ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿದೆ.

"ಮೊದಲ್ನೇ ಸುತ್ತು ಯಾವ ಕತ್ತೆ ಬೇಕಾದ್ರೂ ಆರಿಸ್ತದೆ," ಎನ್ನುತ್ತಿದ್ದ ಎಮಿಲ್. "ತಲೆ ಇದೆಯೋ ಇಲ್ವೋ ಗೊತ್ತಾಗೋದು ಏಳನೇ ಸುತ್ತಲ್ಲಿ."

"ನಿನ್ನ ಹೆಂಡ್ತಿ ನಿನ್ನ ಎಷ್ಟನೇ ಸುತ್ತಲ್ಲಿ ಆರಿಸಿದ್ಳು?" ಎಂದು ಲಾರಿ ಓಡಿಸುವ ಲೆನ್ನಿ ಕೆಣಕುತ್ತಿದ್ದ.

"ನನ್ನ ಯಾರೂ ಆರಿಸ್ಲಿಲ್ಲಪ್ಪ. ಎಲ್ಲ ಮುಗಿದ್ಮೇಲೆ ಬಿಟ್ಟಿ ಎತ್ಕೊಂಡ್ಳು."

"ಅದಕ್ಕೇ ಅಷ್ಟು ಬೇಗ ಬಿಸಾಕಿ ಹೋದ್ಳು."

ಎಮಿಲ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಹೆಂಡತಿ ಫ್ಲಾರಿಡಾ ಸೇರಿದ್ದಳು, ಮಕ್ಕಳಿರಲಿಲ್ಲ. ಅವನಿಗೆ ತನ್ನವನು ಅಂತ ಇದ್ದವನು ಗ್ಯಾರೆಟ್ ಟಿರ್ಪಾಕ್ ಒಬ್ಬನೇ. ಚರ್ಚಿನಲ್ಲಿ ಆ ಹುಡುಗನಿಗೆ ಧರ್ಮತಂದೆಯಾಗಿ ನಿಂತವನು ಎಮಿಲ್. ಹುಡುಗನ ಅಪ್ಪ ಸತ್ತ ಮೇಲೆ ಶಾಲೆಯ ಮೈದಾನಕ್ಕೆ ಕರೆದೊಯ್ದವನು, ಮಂಡಿ ಮುರಿದಾಗ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತವನು, ಆ ಚಳಿಗಾಲವೆಲ್ಲ ಹಿಮದಲ್ಲಿ ಕೈಹಿಡಿದು ನಡೆಸಿದವನು ಎಲ್ಲ ಅವನೇ. ಮಂಡಿ ಪೂರ್ತಿ ವಾಸಿಯಾಯಿತು. ಇಷ್ಟು ಒಳ್ಳೆಯದನ್ನು ಅವನ ಪಾಲಿಗೆ ಹೇಳಲೇಬೇಕು, ಇದಕ್ಕಿಂತ ಹೆಚ್ಚು ನನ್ನ ಬಾಯಿಂದ ಬರುವುದಿಲ್ಲ.

ಗ್ಯಾರೆಟ್‌ನ ತಾಯಿ ರೊಸಾನ್ ನನ್ನ ಅಡುಗೆಮನೆಯಲ್ಲಿ ಪಿರೋಗಿ ಕಡುಬು ಬೇಯಿಸುವವಳು. ಮಗ ಕಾಲೇಜು ಮುಗಿಸಿದ ವರ್ಷ ಅವಳಿಗೆ ಬೇರೆ ಯೋಚನೆಯೇ ಇರಲಿಲ್ಲ. ಯಾವುದಾದರೂ ತಂಡ, ಯಾವುದಾದರೂ ಸುತ್ತು, ಒಟ್ಟಿನಲ್ಲಿ ಹುಡುಗ ಈ ಊರು ದಾಟಿದರೆ ಸಾಕು. ಅಡುಗೆಮನೆಗೂ ಬಾರಿಗೂ ನಡುವೆ ಇರುವುದು ಒಂದು ಕಿಂಡಿ ಮಾತ್ರ. ಅವಳು ತಟ್ಟೆ ಚಾಚುವಾಗಲೂ ಲೆನ್ನಿ ದನಿ ತಗ್ಗಿಸುತ್ತಿರಲಿಲ್ಲ. "ಅವನ ತೋಳು ನೋಡಿದ್ದೀರಾ? ತನ್ನ ಜೇಬಿಗೇ ಕೈ ಎಟಕಲ್ಲ. ಏಳನೇ ಸುತ್ತೂ ದಂಡ."

"ಏಳನೇ ಸುತ್ತು, ನಮ್ಮ ತಂಡಕ್ಕೆ," ಎನ್ನುತ್ತಿದ್ದ ಎಮಿಲ್; ನಮ್ಮದು ಅಂದರೆ ಪಕ್ಕದ ಊರಿನ ತಂಡ. "ಅದಕ್ಕಿಂತ ಮುಂಚೆ ಬೇಡ."

"ನಾಲ್ಕನೇ ಸುತ್ತಲ್ಲೇ ಹೋದ್ರೆ ನಿನ್ನ ಗಂಟೇನು ಹೋಗ್ತದೆ?" ರೊಸಾನ್ ಕಿಂಡಿಯಿಂದ ಕೇಳಿದಳು.

"ಸುಮ್ನಿರು ರೊಸಾನ್. ನಾನಿದ್ದೀನಲ್ಲ."

ಕೊನೆಯ ಸುತ್ತುಗಳ ಶನಿವಾರ ಅವಳು ಬಾರಿನಲ್ಲಿ ಬಿಸ್ಕತ್ತಿನ ಮೇಜು ಜೋಡಿಸಿದಳು. ನಮ್ಮಲ್ಲಿ ಮದುವೆಗೆ ಜೋಡಿಸುತ್ತೇವಲ್ಲ, ಹಾಗೆ: ಅಕ್ರೋಟಿನದು, ಏಪ್ರಿಕಾಟಿನದು, ಸಕ್ಕರೆ ಪುಡಿ ಉದುರಿಸಿದ್ದು. ಹುಡುಗನ ಹೆಸರು ಬರುವವರೆಗೆ ಯಾರೂ ಮುಟ್ಟಕೂಡದು. ಗ್ಯಾರೆಟ್ ಹೊಸ ಅಂಗಿ ತೊಟ್ಟು ಟಿವಿ ಎದುರು ಕೂತಿದ್ದ, ಮುಂದೆ ಫೋನು. ಆರಿಸುವ ತಂಡ ಮೊದಲು ಫೋನ್ ಮಾಡುತ್ತದೆ. ಆದ್ದರಿಂದ ಆ ದಿನ ಆ ಹುಡುಗನಿಗೆ ಸ್ವಂತ ಅಜ್ಜಿಯೂ ಫೋನ್ ಮಾಡುವಂತಿಲ್ಲ, ಲೈನ್ ಖಾಲಿ ಇರಬೇಕು.

ನಾಲ್ಕನೇ ಸುತ್ತು ಹೋಯಿತು. ಐದನೆಯದೂ ಹೋಯಿತು. ಹುಡುಗ ಅಂಗಿಯ ಗುಂಡಿ ತಿರುಚುತ್ತಿದ್ದ. ಎಮಿಲ್ ಮಾತ್ರ ಪ್ರತಿ ಹೆಸರಿಗೂ ತೊಡೆ ತಟ್ಟಿಕೊಂಡು ಇನ್ನೊಂದು ಬಿಯರ್ ಕೇಳುತ್ತಿದ್ದ. ಆರನೇ ಸುತ್ತು ಮುಗಿದದ್ದೇ ಅವನಿಗೆ ತಡೆಯಲಾಗಲಿಲ್ಲ.

"ಇದು ನನ್ನ ಕೆಲಸ ಕಣ್ರೋ. ಮೂರು ತಂಡದೋರು ನಂಗೆ ಫೋನ್ ಮಾಡಿದ್ರು. ಮಂಡಿ ಹೇಗಿದೆ ಅಂತ ಕೇಳಿದ್ರು. ಚಳಿಗೆ ಊದ್ಕೊಳ್ತದೆ, ಮೆಟ್ಲು ಹತ್ತೋಕೂ ಒದ್ದಾಡ್ತಾನೆ ಅಂದೆ. ಇಲ್ದಿದ್ರೆ ನಾಲ್ಕನೇ ಸುತ್ತಲ್ಲೇ ಹೊಡ್ಕೊಂಡು ಹೋಗ್ತಿದ್ರು. ಈಗ ನೋಡಿ, ಏಳನೇ ಸುತ್ತಲ್ಲಿ ನಮ್ಮ ತಂಡಕ್ಕೆ ಬಿಟ್ಟಿ ಸಿಗ್ತಾನೆ."

ಅವನ ಕಣ್ಣು ಹೊಳೆಯುತ್ತಿತ್ತು. ಚಪ್ಪಾಳೆ ಬೀಳುತ್ತದೆ ಎಂದೇ ಕಾದಿದ್ದ, ಮುಠ್ಠಾಳ.

ಗ್ಯಾರೆಟ್ ತಿರುಗಿದ. "ಮಂಡಿ ಬಗ್ಗೆ ನಿಮ್ಮನ್ನೇ ಕೇಳಿ ಅಂತ ಅವರಿಗೆ ಹೇಳಿದ್ದು ನಾನು, ಎಮಿಲ್ ಮಾವ."

"ಹೌದಪ್ಪ. ಅದಕ್ಕೇ ನಂಬಿದ್ರು."

"ನಮ್ಮ ತಂಡದೋರು ಫೋನ್ ಮಾಡಿದ್ರಾ?"

ಎಮಿಲ್ ಲೋಟ ಕೆಳಗಿಟ್ಟ. "ಇಲ್ಲ. ಅವರಿಗೆ ಯಾಕೆ ಬೇಕು? ಪಕ್ಕದ ಊರೋರು. ನಿನ್ನನ್ನ ಕಣ್ಣಾರೆ ನೋಡಿದ್ದಾರಲ್ಲ."

ಫೋನ್ ಮಾಡಿ ಕೇಳಿದವರಿಗಷ್ಟೇ ಹುಡುಗ ಬೇಕಾಗಿತ್ತು ಎನ್ನುವುದು ಬಾರಿನಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಕೊನೆಗೆ ಅರ್ಥವಾದದ್ದು ಎಮಿಲ್‌ಗೆ. ರೊಸಾನ್ ಕಿಂಡಿಯಲ್ಲಿ ಜಾಲರಿ ಸೌಟು ಹಿಡಿದು ನಿಂತೇ ಇದ್ದಳು.

ಏಳನೇ ಸುತ್ತಿನಲ್ಲಿ ನಮ್ಮ ತಂಡ ಯಾವುದೋ ಊರಿನ, ಚೆಂಡು ಒದೆಯುವುದಷ್ಟೇ ಕೆಲಸವಾದ ಹುಡುಗನನ್ನು ಆರಿಸಿತು. ಆಮೇಲೆ ಲೆನ್ನಿ, "ಒದೆಯೋನಿಗೆ ಒಂದು ಸರದಿ ಖರ್ಚು ಮಾಡ್ತಾರಾ? ದಂಡ," ಅಂದ. ಇನ್ನೊಬ್ಬ ಇಲ್ಲ ಅಂದ. ಅಷ್ಟರಲ್ಲಿ ಎಮಿಲ್ ಬಾಯಿ ತೆರೆದ. "ಅವನ ಕಾಲು ಉದ್ದ ಇದೆ, ಗಾಳಿಗೆ ತಡೀತಾನೆ." ಹೇಳಿದ ಮೇಲೆ ತನ್ನ ಬಾಯಿಗೆ ತಾನೇ ಬೆಚ್ಚಿದ, ಆದರೆ ಹೇಳಿಯಾಗಿತ್ತು. ಯಾರೂ ಆರಿಸದವರನ್ನು ಅಗ್ಗಕ್ಕೆ ಕರೆಯುವ ಫೋನುಗಳು ಆ ಸಂಜೆ ಬರುತ್ತವೆ. ಹಾಳು ಮಂಡಿಯ ಸುದ್ದಿ ಅಷ್ಟರಲ್ಲಿ ಎಲ್ಲ ಕಡೆ ಹಬ್ಬಿತ್ತು, ಅವೂ ಬರಲಿಲ್ಲ. ಲೆನ್ನಿ ಅಕ್ರೋಟಿನ ಬಿಸ್ಕತ್ತು ತೆಗೆದುಕೊಂಡು, "ಚೆನ್ನಾಗಿದೆ ರೊಸಾನ್," ಅಂದ. ನಾನು ಅವನ ಕೈಗೆ ಹೊಡೆದೆ. ಇನ್ನೊಂದು ಕೈಯಿಂದ ತಿಂದ.

ಬೇಸಗೆ ಮುಗಿಯುವ ಹೊತ್ತಿಗೆ ಗ್ಯಾರೆಟ್ ಎಮಿಲ್‌ನ ಪಕ್ಕದಲ್ಲೇ ಮಾಂಸ ಕೊಯ್ಯುತ್ತಿದ್ದ. ಊರಿನಲ್ಲಿ ಬೇರೆ ಕೆಲಸವಿರಲಿಲ್ಲ. ದನದ ತೊಡೆಯನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತಿ ಬರುತ್ತಿದ್ದ, ಸರಸರನೆ. ಎಮಿಲ್ ನೋಡುತ್ತಿದ್ದ. ಹುಡುಗ ಒಂದು ದಿನವೂ ದನಿ ಏರಿಸಲಿಲ್ಲ. ಅದನ್ನು ಎಮಿಲ್ ಕ್ಷಮೆ ಎಂದುಕೊಂಡ.

ಮರುವರ್ಷ ಎಮಿಲ್‌ನ ಸೊಂಟದ ಕೀಲು ಸವೆದುಹೋಯಿತು. ಆಪರೇಷನ್‌ಗೆ ಒಂದು ಸೋಮವಾರ ಗೊತ್ತಾಯಿತು, ಅದೇ ದಿನ ಮನೆಗೆ ಕಳಿಸಿಬಿಡುತ್ತಾರೆ. ಕರೆತಂದು, ಮನೆಗೆ ಕರೆದೊಯ್ಯುವವರು ಜೊತೆಗಿಲ್ಲದಿದ್ದರೆ ಆಸ್ಪತ್ರೆಯವರು ಒಳಗೇ ಬಿಡುವುದಿಲ್ಲ. ಯಾರು ಬರುತ್ತೀರಿ ಎಂದು ಅವನು ಬಾರಿನಲ್ಲಿ ಕೇಳಿದ.

"ವಯಸ್ಸಾಯ್ತು, ಭಾರ ಜಾಸ್ತಿ, ಕಾಲು ಎಳೀತಾನೆ," ಅಂದ ಲೆನ್ನಿ. "ಆ ಸೊಂಟಕ್ಕೆ ಹೊಸ ಕೀಲು ದಂಡ." ಎಲ್ಲರೂ ನಕ್ಕರು. ಎಮಿಲ್ ನಗಲು ನೋಡಿದ, ಈ ಸಲ ಆಗಲಿಲ್ಲ.

ತಾಯಿಯನ್ನು ಕರೆದೊಯ್ಯಲು ಬಂದ ಗ್ಯಾರೆಟ್ ಬಾಗಿಲಲ್ಲಿ ನಿಂತಿದ್ದ. "ನಾನು ಕರ್ಕೊಂಡು ಹೋಗ್ತೀನಿ ಮಾವ. ಸೋಮವಾರ ಬೆಳಗ್ಗೆ ಫೋನ್ ಹತ್ರ ಕೂತಿರಿ. ಹೊರಡೋ ಮುಂಚೆ ಮಾಡ್ತೀನಿ."

ಎಮಿಲ್ ಅತ್ತೇಬಿಟ್ಟ. ರೊಸಾನ್ ಮಗನ ಮುಖ ನೋಡಿದಳು, ಆಮೇಲೆ ಕೋಟು ಹಾಕಿಕೊಂಡು ಹೊರಟಳು.

ಸೋಮವಾರ ಮಧ್ಯಾಹ್ನ ಎಮಿಲ್ ವಾಪಸು ಬಂದಿದ್ದರೆ ತಿನ್ನಲಿ ಎಂದು ನಾನು ಕಡುಬು ಹಿಡಿದು ಅವನ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾಲ ಬಳಿ ಚೀಲ ಇಟ್ಟುಕೊಂಡು ಅಡುಗೆಮನೆಯ ಮೇಜಿಗೆ ಕೂತಿದ್ದ. ಮುಂದೆ ಫೋನು. ಆಸ್ಪತ್ರೆಯ ಹೊತ್ತು ಮೀರಿ ಎಷ್ಟೋ ಆಗಿತ್ತು.

ನಾನೇ ಕಾರು ತರುತ್ತೇನೆ, ಆಸ್ಪತ್ರೆಗೆ ಫೋನ್ ಮಾಡಿ ಕೇಳೋಣ ಅಂದೆ. ಅವನು ಫೋನಿನ ಮೇಲೆ ಕೈಯಿಟ್ಟ.

"ಬೇಡ. ಲೈನ್ ಖಾಲಿ ಇರ್ಲಿ. ಹುಡುಗ ಮಾಡ್ತೀನಿ ಅಂದಿದ್ದಾನೆ."