ಮದೀಹಾ ಟೀಚರು ಓದಿದ ಕಲ್ಲು

ಹಿರಿಯೂರಿನ ಕರೀಂ ಸಾಬರ ಕುಲುಮೆಯಲ್ಲಿ ಕೊಡಲಿ, ಮಚ್ಚು ಬಡಿಯುವ ಸದ್ದು ಕೇಳುತ್ತಲೇ ಬೆಳೆದ ಮಗಳು ಮದೀಹಾ. ಹೈಸ್ಕೂಲಿನಲ್ಲಿ ಅಂಕ ಚೆನ್ನಾಗಿ ಬರುತ್ತದೆಂದು ಸಂಸ್ಕೃತ ತೆಗೆದುಕೊಂಡಳು. ಅಲ್ಲಿ ಅವಳನ್ನು ಹಿಡಿದು ನಿಲ್ಲಿಸಿದ್ದು ‘ಹನ್’ ಎಂಬ ಧಾತು. ಹನ್ ಎಂದರೆ ಹೊಡೆ, ಕೊಲ್ಲು. ಒಬ್ಬ ಕೊಂದರೆ ‘ಹಂತಿ’, ಹಲವರು ಕೊಂದರೆ ‘ಘ್ನಂತಿ’. ನಮ್ಮ ಹತ್ಯೆ, ಆಘಾತ, ಕೃತಘ್ನ ಎಲ್ಲವೂ ಅದರ ಸಂತಾನವೇ. ಐಮಂಗಲದಲ್ಲಿ ಟೀಚರಾದ ಮೇಲೆ ಇದನ್ನೇ ಬೋರ್ಡಿನ ಮೇಲೆ ಬರೆದು, “ವೇಷ ಬದಲಾಯ್ಸಿದ್ರೂ ಗುರುತು ಹಿಡೀಬೇಕು ಕಣ್ರಪ್ಪ” ಎನ್ನುತ್ತಿದ್ದಳು. ರಜೆಯಲ್ಲಿ ಶಾಸನ ಓದುವುದನ್ನೂ ಕಲಿತಳು.

ಅದು ತಿಳಿದೇ ಜವನಗೊಂಡನಹಳ್ಳಿಯ ಯತ್ತಪ್ಪ ಅವಳನ್ನು ಹೊಲಕ್ಕೆ ಕರೆಸಿದ್ದು. ತಮ್ಮ ಕಾಟಪ್ಪನ ಜೊತೆ ಅವನಿಗೆ ಬದುವಿನ ಜಗಳ. ಬದುವಿನ ಮೇಲೊಂದು ಹಳೆಯ ಕಲ್ಲು. ಅದು ತನ್ನ ಗಡಿಯ ಕಲ್ಲೆಂದು ಯತ್ತಪ್ಪನ ವಾದ. ಕಾಟಪ್ಪನೂ ಹಾರೆ ಹಿಡಿದು ಬಂದು ನಿಂತಿದ್ದ.

ಮದೀಹಾ ಸವೆದ ಅಕ್ಷರಗಳಿಗೆ ಸುಣ್ಣದ ಪುಡಿ ಸವರಿ ಬಹಳ ಹೊತ್ತು ನೋಡಿದಳು. “ಇದು ಗಡಿ ಕಲ್ಲಲ್ಲ ಯತ್ತಪ್ಪನೋರೆ. ಇಲ್ಲಿ ‘ಹತಃ’ ಅಂತೈತೆ. ಅಂದ್ರೆ ಕೊಲೆಯಾದೋನು. ಇಲ್ಲೇ ಯಾರನ್ನೋ ಹೊಡೆದು ಹಾಕವ್ರೆ. ಅವನ ನೆನಪಿಗೆ ನೆಟ್ಟಿದ್ದು.”

“ಕೇಳಿಸ್ತಾ? ಹಂಗಾರೆ ಕಿತ್ತು ಬಿಸಾಕ್ತೀನಿ,” ಎಂದು ಕಾಟಪ್ಪ ಕಲ್ಲಿನ ಬುಡಕ್ಕೆ ಹಾರೆ ಹಾಕಿದ.

“ಮುಟ್ಟಬ್ಯಾಡ ಲೇ,” ಎಂದು ಯತ್ತಪ್ಪ ತಮ್ಮನ ಎದೆಗೆ ಕೈ ಹಾಕಿ ತಳ್ಳಿದ. ಕಾಟಪ್ಪ ಬಿದ್ದು ಎದ್ದವನೇ ಹಾರೆ ಬೀಸಿದ. ಮೊದಲ ಏಟು ಅಣ್ಣನ ಭುಜಕ್ಕೆ ಬಿತ್ತು. ಎರಡನೆಯದು ತಲೆಗೆ. ಯತ್ತಪ್ಪ ಕುಸಿದ ಮೇಲೂ ಅವನು ನಿಲ್ಲಿಸಲಿಲ್ಲ. ಮದೀಹಾ ಅಡ್ಡ ಹೋದಳು. ನೋವು ಗೊತ್ತಾಗುವ ಮೊದಲೇ ಬಲಗೈ ಮೂಳೆ ಮುರಿದ ಸದ್ದು ಅವಳ ಕಿವಿಗೆ ಬಿತ್ತು. ಸುಣ್ಣ ಬಳಿದ ಕಲ್ಲಿನ ಮೇಲೆ ರಕ್ತ ಸಿಡಿದಿತ್ತು. ಆಂಬುಲೆನ್ಸು ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಯತ್ತಪ್ಪ ತೀರಿಹೋಗಿದ್ದ.

“ಅವರ ಮನೆ ಜಗಳ. ಸಾಕ್ಷಿ ಗೀಕ್ಷಿ ನಮಗ್ಯಾಕಮ್ಮ?” ಎಂದರು ಕರೀಂ ಸಾಬರು.

“ಕಣ್ಣಾರೆ ಕಂಡೀನಲ್ಲ ಅಬ್ಬಾ,” ಎಂದು ಅವಳು ಹೋದಳು. ಕಟಕಟೆಯಲ್ಲಿ ಕಾಟಪ್ಪನತ್ತ ಕೈ ತೋರಿಸಿ, “ಹೊಡೆದೋರು ಇವರೇ,” ಎಂದಳು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ತೀರ್ಪಿನ ದಿನ ಕೋರ್ಟಿನ ಮೆಟ್ಟಿಲ ಮೇಲೆ ಯತ್ತಪ್ಪನ ಹೆಂಡತಿ ಮಲ್ಲಕ್ಕ ಒಬ್ಬಳೇ ಕೂತಿದ್ದಳು. ಮದೀಹಾಳನ್ನು ಕಂಡು, “ನೀವು ಆ ಕಲ್ಲು ಓದದೇ ಇದ್ದಿದ್ರೆ ನನ್ನ ಗಂಡ ಉಳೀತಿದ್ನೇನಮ್ಮ?” ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಗೊತ್ತಿಲ್ಲಕ್ಕ,” ಎಂದಳು ಮದೀಹಾ. ಹಿರಿಯೂರಿನ ಬಸ್ಸು ಬಂದು ಹೋಯಿತು. ಅವಳು ಹತ್ತದೆ ಮಲ್ಲಕ್ಕನ ಪಕ್ಕದಲ್ಲೇ ಕೂತಳು.