ಹೆಗಲು ತಿಕ್ಕಿದ ದೊಡ್ಡವ್ವ

ಮೊನ್ನೆ ಸಂತೆಯಲ್ಲಿ ಒಬ್ಬಾಕೆ ಮನೆಯಲ್ಲೇ ಕಾಯಿಸಿದ ಹರಳೆಣ್ಣೆ ಮಾರುತ್ತಿದ್ದಳು. ಸೀಸೆಯ ಬಿರಡೆ ತೆಗೆದದ್ದೇ ತಡ, ಹುರಿದ ಬೀಜದ ಆ ಕಮಟು ನನ್ನನ್ನು ಶಿರಾದ ವಠಾರಕ್ಕೆ ಎಳೆದುಕೊಂಡು ಹೋಯಿತು. ಪಕ್ಕದ ಮನೆಯ ದೊಡ್ಡವ್ವನ ಅಂಗೈ ವಾಸನೆ ಅದು...

ಎಪ್ಪತ್ತರ ದಶಕದ ಕೊನೆ. ಮಧುಗಿರಿಯಲ್ಲಿ ಟೈಪಿಂಗ್ ಕಲಿತ ನಾನು ಶಿರಾದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನಾಲ್ಕನೇ ತಿಂಗಳಿಗೆ ಕುತ್ತಿಗೆ ಹಿಡಿಯಿತು, ಆಮೇಲೆ ಬಲ ಹೆಗಲು. ಜಡೆ ಹೆಣೆಯಲು ಕೈ ಎತ್ತಿದರೆ ಕಣ್ಣಲ್ಲಿ ನೀರು. ಡಾಕ್ಟರು ಎರಡು ವಾರ ಟೈಪ್ ಮಾಡಬೇಡಿ ಎಂದರು. ರಜೆ ಕೇಳಿದರೆ ನನ್ನ ಜಾಗಕ್ಕೆ ಬೇರೆಯವರನ್ನು ತಂದಾರು ಎಂಬ ಹೆದರಿಕೆ. ಕಚೇರಿಯಲ್ಲಿ ಯಾರಿಗೂ ಹೇಳದೆ ಹಲ್ಲು ಕಚ್ಚಿಕೊಂಡು ಹೋಗಿಬರುತ್ತಿದ್ದೆ.

ದೊಡ್ಡವ್ವ ಹುಲಿಕುಂಟೆ ಕಡೆಯವಳು, ಕುರಿ ಸಾಕುವ ಮನೆತನ. ಗಂಡ ತೀರಿದ ಮೇಲೆ ತಮ್ಮನ ಮನೆಗೆ ಬಂದು, ಉಣ್ಣೆ ನೂಲುತ್ತಿದ್ದಳು. ಒಂದು ಬೆಳಿಗ್ಗೆ ಬಾಚಣಿಗೆ ಹಿಡಿದು ಅಳುತ್ತಿದ್ದ ನನ್ನನ್ನು ನೋಡಿ ಮುಂದೆ ಕೂರಿಸಿಕೊಂಡಳು. ಎಣ್ಣೆ ಬೆಚ್ಚಗೆ ಮಾಡಿ, ಬೆನ್ನಿನ ರೆಕ್ಕೆ ಮೂಳೆಯ ಅಂಚಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ ತಿಕ್ಕಿದಳು.

“ಕಟ್ಟಾಕಿದ ಕುರಿ ಕಾಲ್ನಂಗೆ ತಣ್ಣಗೈತೆ ಕಣಮ್ಮ. ಹಿಂಗೆ ಬಿಗಿ ಹಿಡ್ಕಂಡು ಕೂತ್ರೆ ಖಂಡಕ್ಕೆ ರಗ್ತ ಹೆಂಗೆ ಹೋಯ್ತದೆ?”

ಅವಳ ಬೆರಳು ಹೋದಲ್ಲೆಲ್ಲ ಬಿಸಿ ಹರಿಯುತ್ತಿತ್ತು. ಆದರೆ ಬೆಳಿಗ್ಗೆ ಸಡಿಲವಾದದ್ದು ಸಂಜೆಗೆ ಮತ್ತೆ ಗಂಟಾಗುತ್ತಿತ್ತು. ವಾರ ನೋಡಿದ ದೊಡ್ಡವ್ವ, “ನಾನು ಬಿಡ್ಸಿದ್ನ ನೀನು ದಿನಾ ಕಟ್ಕಂಡು ಬತ್ತೀಯ. ಅಲ್ಲೇನು ಮಾಡ್ತೀಯೋ ನೋಡ್ಬೇಕು” ಎಂದಳು.

ಮಾರನೆಯ ದಿನ ಕಚೇರಿಗೇ ಬಂದುಬಿಟ್ಟಳು. ಅರ್ಜಿ ಕೊಡಲು ಬಂದವಳೆಂದು ಎಲ್ಲರೂ ಸುಮ್ಮನಿದ್ದರು. ಬಾಗಿಲ ಬಳಿ ಕೂತು ಬಹಳ ಹೊತ್ತು ನನ್ನನ್ನೇ ನೋಡಿ, ನೆಟ್ಟಗೆ ಹೆಡ್ ಗುಮಾಸ್ತರ ಮುಂದೆ ಹೋಗಿ ನಿಂತಳು.

“ಸ್ವಾಮಿ, ಆ ಮೇಜು ಎತ್ರ ಆಗೈತೆ. ಈ ಹೆಣ್ಮಗ ಹೆಗಲು ಮ್ಯಾಲೆತ್ಕಂಡೇ ಬಡೀತದೆ. ಹಿಂಗೇ ಬುಟ್ರೆ ಕೈಯೇ ಬಿದ್ದೋಯ್ತದೆ.”

ಮುಚ್ಚಿಟ್ಟದ್ದೆಲ್ಲ ಬಯಲಾಗಿತ್ತು. ಗುಮಾಸ್ತರು ಎದ್ದು ಬಂದು ನನ್ನ ಹಿಂದೆ ನಿಂತು ಒಂದು ಪುಟ ಮುಗಿಯುವವರೆಗೆ ನೋಡಿದರು. “ಮೊದಲೇ ಯಾಕಮ್ಮ ಹೇಳಲಿಲ್ಲ?” ಎಂದರು, ಅಷ್ಟೆ. ಸಂಜೆಯೊಳಗೆ ಬಡಗಿಯನ್ನು ಕರೆಸಿ ಮೇಜಿನ ಕಾಲು ನಾಲ್ಕು ಬೆರಳಷ್ಟು ಕೊಯ್ಯಿಸಿದರು. ಗಂಟೆಗೊಮ್ಮೆ ಎದ್ದು ಓಡಾಡಿ ಬರಲೂ ಒಪ್ಪಿದರು.

ಎರಡು ತಿಂಗಳಲ್ಲಿ ನೋವು ಹೋಯಿತು. ಕೆಲಸವೂ ಕಾಯಂ ಆಯಿತು. ಸಿಹಿ ಕೊಡಲು ಹೋದಾಗ ನೂಲುತ್ತಿದ್ದ ದೊಡ್ಡವ್ವ ಆಗಾಗ ಕೈ ನಿಲ್ಲಿಸಿ ತನ್ನ ಎಡ ಹೆಗಲು ಅಮುಕಿಕೊಳ್ಳುತ್ತಿದ್ದಳು. ನಾನು ಅದನ್ನು ಗಮನಿಸಿದ್ದು ಅವತ್ತೇ.

“ನಿನಗೂ ನೋವಾ ದೊಡ್ಡವ್ವ?”

“ಯಾವ ಕಾಲದ್ದೋ. ನನ್ ಬೆನ್ನಿಗೆ ನನ್ ಕೈ ಎಟುಕ್ತದೇನಮ್ಮ?” ಎಂದು ನಕ್ಕಳು.

ನಾನು ಎಣ್ಣೆಯ ಬಟ್ಟಲು ತೆಗೆದುಕೊಂಡೆ. ಮೊದಲು ನಾಚಿ ಮುದುಡಿದಳು. ಸ್ವಲ್ಪ ಹೊತ್ತಿಗೆ ತಲೆ ಮುಂದಕ್ಕೆ ಬಾಗಿತು... ಕೂತಲ್ಲೇ ನಿದ್ದೆ ಹೋಗಿದ್ದಳು. ಅಲ್ಲಿಂದ ಪ್ರತಿ ಭಾನುವಾರ ನನ್ನ ಸರದಿ. ಅವಳ ತಮ್ಮನ ಹೆಂಡತಿ ಒಲೆ ಬಿಟ್ಟು ಬಂದು ನಿಂತು ನೋಡುತ್ತಿದ್ದಳು.

ಎಂಬತ್ತರ ಮೊದಲ ವರ್ಷಗಳಲ್ಲಿ ನನಗೆ ಕೊರಟಗೆರೆಗೆ ವರ್ಗವಾಯಿತು. ಮದುವೆ, ಮಕ್ಕಳು ಎಂದು ಶಿರಾಕ್ಕೆ ಹೋದದ್ದು ಎರಡೇ ಸಲ. ಮೂರನೇ ಸಲ ಹೋಗುವ ಹೊತ್ತಿಗೆ ದೊಡ್ಡವ್ವ ತೀರಿಕೊಂಡು ತಿಂಗಳಾಗಿತ್ತು. ತಮ್ಮನ ಹೆಂಡತಿ ನೀರು ಕೊಟ್ಟು ಪಕ್ಕದಲ್ಲಿ ಕೂತಳು.

“ನೀವು ಹೋದ್ಮೇಲೆ ನಾನೇ ತಿಕ್ತಿದ್ದೆ ಕಣಕ್ಕ, ನಿಮ್ಮಂಗೇ. ಭಾನ್ವಾರ ಆದ್ರೆ ಅವ್ರೇ ಬಂದು ಬೆನ್ನು ಕೊಟ್ಟು ಕೂರೋರು.”

ಹೋಗಿಬರಬಹುದಿತ್ತು, ಬಸ್ಸಿತ್ತು ಎಂಬ ಕೊರಗು ಇಷ್ಟು ವರ್ಷವಾದರೂ ಹೋಗಿಲ್ಲ. ಅದು ಹೆಚ್ಚಾದಾಗ ತಮ್ಮನ ಹೆಂಡತಿಯ ಆ ಮಾತು ನೆನೆಯುತ್ತೇನೆ, ಸಮಾಧಾನವಾಗುತ್ತದೆ.