ಟೈರು ಹೇಳಿದ ಚಾಡಿ

ವಿಜಯಪುರದಲ್ಲಿ ಹುಟ್ಟಿದ ನಾನು ಮದುವೆಯಾಗಿ ಹುಣಸೂರಿಗೆ ಬಂದು ನಲವತ್ತೈದು ವರ್ಷವಾಯಿತು. ನಮ್ಮವರು ಆಸೆಪಟ್ಟು ಕೊಂಡಿದ್ದ ಜೋರು ಎಂಜಿನ್ನಿನ ಕಾರನ್ನು ಈಗ ಮನೆಯಲ್ಲಿ ಓಡಿಸುವವಳು ನಾನೊಬ್ಬಳೇ. ಈ ಬೇಸಿಗೆಯಲ್ಲಿ ಅದರಲ್ಲೇ ತವರಿಗೆ ಹೋಗುತ್ತೇನೆ ಎಂದರೆ ಮಗಳು ಒಪ್ಪಲಿಲ್ಲ. "ಮೊದಲು ಟೈರು ಬದಲಾಯಿಸೋಣ, ಆಮೇಲೆ ನೋಡೋಣ" ಎಂದು ಬಿಳಿಕೆರೆಯ ಅಂಗಡಿಗೆ ಕರೆದುಕೊಂಡು ಹೋದಳು.

ಅಂಗಡಿಯವರು ಎರಡು ಬಗೆ ತೋರಿಸಿದರು. ಒಂದು ಗಟ್ಟಿ, ಬಹಳ ಬಾಳಿಕೆಯದು. ಇನ್ನೊಂದು ಸಮ್ಮರ್ ಟೈರ್, ಬೇಗ ಸವೆದರೂ ರಸ್ತೆಯನ್ನು ಕಚ್ಚಿ ಹಿಡಿಯುವಂಥದ್ದು.

"ಬೇಸಿಗೆ ಟೈರು ಮಳೇಲಿ ಜಾರಿದ್ರೆ?" ಎಂದಳು ಮಗಳು.

"ಎಸ್ರು ಮಾತ್ರ ಅಂಗೆ ಕಣಕ್ಕ" ಎಂದರು ಅಂಗಡಿಯವರು. "ಐಸ್ ಬೀಳೋ ದೇಶದೋರು ಇಟ್ಟಿರೋ ಎಸ್ರು. ಮಳೇಲೂ ರೋಡ್ನ ಚೆಂದಾಗಿ ಕಚ್ಚಿ ಇಡೀತದೆ."

"ಅಮ್ಮ ನಿಧಾನಕ್ಕೆ ಓಡಿಸ್ತಾರೆ, ಗಟ್ಟೀದೇ ಸಾಕು."

"ಹೌದಪ್ಪ, ಸ್ಪೀಡು ಅರವತ್ತು ದಾಟೋದೇ ಇಲ್ಲ" ಎಂದೆ.

ಅಂಗಡಿಯವರು ಕಾರಿನಿಂದ ಬಿಚ್ಚಿಟ್ಟಿದ್ದ ಹಳೆಯ ಮುಂದಿನ ಟೈರಿನ ಮೇಲೆ ಕೈಯಾಡಿಸಿ ನಕ್ಕರು. "ಒರಗಡೆ ಅಂಚೆಲ್ಲಾ ಸವ್ದೋಗದೆ ಕಣವ್ವ. ತಿರುವಲ್ಲಿ ಜೋರಾಗಿ ತಿರುಗ್ಸೋರ್ದು ಇಂಗೇ ಸವೆಯೋದು."

ಮಗಳು ನನ್ನನ್ನೇ ನೋಡಿದಳು. ನನ್ನ ಪ್ರಯಾಣ ಅಲ್ಲಿಗೇ ಮುಗಿಯಿತು ಅಂದುಕೊಂಡೆ.

ಅವರು ಟೈರನ್ನು ಪೂರ್ತಿ ಉರುಳಿಸಿ ನೋಡಿದರು. "ಆದ್ರೆ ಪಕ್ಕದಲ್ಲಿ ಒಂದೇಟೂ ಬಿದ್ದಿಲ್ಲ. ಈ ಕಡೆ ಗುಂಡಿ ರೋಡಲ್ಲಿ ಓಡ್ಸಿ ಒಂದಕ್ಕೂ ಇಳಿಸಿಲ್ಲ ಅಂದ್ರೆ ಕಣ್ಣು, ಕೈ ಎಲ್ಡೂ ಚೆನ್ನಾಗವೆ. ಒಳ್ಳೆ ಟೈರು ಆಕ್ಸಿ ಕಳ್ಸಕ್ಕ."

ಮಗಳು ಸಮ್ಮರ್ ಟೈರನ್ನೇ ಹಾಕಿಸಿದಳು. "ನಾನೂ ಬರ್ತೀನಿ. ಒಂದೊಂದು ತಿರುವಲ್ಲೂ ಪಕ್ಕದಲ್ಲಿ ಕೂತು ನೋಡ್ತೀನಿ" ಎಂದಳು.

ಬರಲಿ. ನಮ್ಮ ವಿಜಯಪುರದ ಕಡೆ ರಸ್ತೆಗಳೆಲ್ಲ ನೇರ, ತಿರುವೇ ಅಪರೂಪ ಎಂದು ನಾನಿನ್ನೂ ಅವಳಿಗೆ ಹೇಳಿಲ್ಲ.